ಲಕ್ಷಾಂತರ ಫೈಲುಗಳಿರುವ ಫೋಲ್ಡರಿನ ಸಿಂಕ್ ಒಂದು ರಾತ್ರಿಯೊಳಗೆ ಮುಗಿಯುವಂತೆ ಮಾಡುವುದು ಹೇಗೆ?

ಪ್ರಶ್ನೆ (ಧಾರವಾಡದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಕಚೇರಿಯಲ್ಲಿ ಹಳೆಯ ಪುಸ್ತಕ, ಪತ್ರಿಕೆಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಇಡುತ್ತೇವೆ. ಧಾರವಾಡದ ಸರ್ವರಿನಲ್ಲಿ ಈಗ ಸುಮಾರು 80 ಲಕ್ಷ ಫೈಲುಗಳಿವೆ. ಅವುಗಳ ಪ್ರತಿ ಹುಬ್ಬಳ್ಳಿಯ ಶಾಖೆಯಲ್ಲಿಯೂ ಇರಬೇಕು. ಅಲ್ಲಿಯ ಡಿಸ್ಕನ್ನು ಎನ್‌ಎಫ್‌ಎಸ್ (ನೆಟ್‌ವರ್ಕಿನ ಮೂಲಕ ಫೈಲು ಹಂಚುವ ವ್ಯವಸ್ಥೆ) ಮೂಲಕ ಇಲ್ಲಿ ಮೌಂಟ್ ಮಾಡಿಕೊಂಡು, ಅಂದರೆ ಇಲ್ಲಿಯದೇ ಡಿಸ್ಕಿನಂತೆ ಜೋಡಿಸಿಕೊಂಡು, ಪ್ರತಿ ರಾತ್ರಿ ಆರ್‌ಸಿಂಕ್ (ಎರಡು ಕಡೆಯ ಫೈಲುಗಳನ್ನು ಹೋಲಿಸಿ ಬದಲಾದದ್ದನ್ನು ಕಳಿಸುವ ಪ್ರೋಗ್ರಾಮ್) ಓಡಿಸುತ್ತೇವೆ. ದಿನಕ್ಕೆ ಸೇರುವ ಹೊಸ ಪುಟಗಳು ಕೆಲವು ಸಾವಿರ ಮಾತ್ರ. ಆದರೂ ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಕೆಲಸ ಮುಗಿದಿರುವುದಿಲ್ಲ. ಇಷ್ಟಾಗಿಯೂ ಎರಡೂ ಊರುಗಳ ನಡುವಿನ ನೆಟ್‌ವರ್ಕ್ ಲೈನು ಹೆಚ್ಚುಕಡಿಮೆ ಖಾಲಿಯೇ ಇರುತ್ತದೆ. ಇನ್ನೂ ವೇಗದ ಲೈನು ಪಡೆಯಬೇಕೆ? ಅಥವಾ ಫೈಲಿನೊಳಗಿನದನ್ನು ಲೆಕ್ಕಹಾಕಿ ಹೋಲಿಸುವ ಚೆಕ್‌ಸಮ್ ಆಯ್ಕೆ ಹಾಕಿದರೆ ಬದಲಾಗದ ಫೈಲುಗಳನ್ನು ಬೇಗ ಬಿಟ್ಟು ಮುಂದೆ ಹೋದೀತೆ?

ಉತ್ತರ (ಗದಗದಿಂದ)

ಸರ್, ಲೈನಿಗೆ ಹಣ ಹಾಕಬೇಡಿ. ನಿಮ್ಮ ರಾತ್ರಿಯೆಲ್ಲ ಕಳೆಯುತ್ತಿರುವುದು ಫೈಲುಗಳನ್ನು ಸಾಗಿಸುವುದರಲ್ಲಿ ಅಲ್ಲ, ಪ್ರತಿಯೊಂದು ಫೈಲನ್ನೂ ವಿಚಾರಿಸುವುದರಲ್ಲಿ. ಆರ್‌ಸಿಂಕ್ ಸಾಮಾನ್ಯವಾಗಿ ಫೈಲಿನ ಗಾತ್ರ ಮತ್ತು ಕೊನೆಯ ಬದಲಾವಣೆಯ ಸಮಯ, ಇವೆರಡನ್ನೇ ಹೋಲಿಸುತ್ತದೆ. ಆದರೆ ನೀವು ಹುಬ್ಬಳ್ಳಿಯ ಡಿಸ್ಕನ್ನು ಮೌಂಟ್ ಮಾಡಿಕೊಂಡಿರುವುದರಿಂದ ಆ ಒಂದೊಂದು ವಿಚಾರಣೆಯೂ ಲೈನಿನ ಮೇಲೆ ಹೋಗಿ ಉತ್ತರ ಹೊತ್ತು ಮರಳಬೇಕು. ಹೋಗಿಬರಲು 2 ಮಿಲಿಸೆಕೆಂಡ್ ಹಿಡಿದರೂ 80 ಲಕ್ಷ ಫೈಲುಗಳಿಗೆ 16,000 ಸೆಕೆಂಡ್, ಅಂದರೆ ಸುಮಾರು ನಾಲ್ಕೂವರೆ ಗಂಟೆ ಬರಿಯ ಕಾಯುವಿಕೆಯಲ್ಲೇ ಕಳೆಯುತ್ತದೆ. ಡಿಸ್ಕು ಹುಡುಕುವ ಸಮಯ ಬೇರೆ.

1996ರಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕರಾಸ್ ಆರ್‌ಸಿಂಕನ್ನು ರೂಪಿಸಿದ್ದು, ಎರಡೂ ತುದಿಗಳಲ್ಲಿ ಒಂದೊಂದು ಆರ್‌ಸಿಂಕ್ ಕುಳಿತು ತನ್ನ ತನ್ನ ಡಿಸ್ಕನ್ನು ತಾನೇ ನೋಡಿಕೊಂಡು, ಬದಲಾದ ಭಾಗವನ್ನಷ್ಟೇ ಕಳಿಸಲೆಂದು. ಮೌಂಟ್ ಮಾಡಿದಾಗ ಎರಡೂ ಪಾತ್ರಗಳು ಒಂದೇ ಯಂತ್ರದಲ್ಲಿ ನಡೆಯುವುದರಿಂದ ಆ ಲಾಭವೆಲ್ಲ ಹೋಗುತ್ತದೆ. ಆದ್ದರಿಂದ ಮೌಂಟ್ ತೆಗೆದು, ಎಸ್‌ಎಸ್‌ಎಚ್ (ಬೇರೊಂದು ಯಂತ್ರಕ್ಕೆ ಸುರಕ್ಷಿತ ಸಂಪರ್ಕ) ಮೂಲಕ ಹುಬ್ಬಳ್ಳಿಯ ಯಂತ್ರಕ್ಕೇ ನೇರವಾಗಿ ಓಡಿಸಿ. ಚೆಕ್‌ಸಮ್ ಆಯ್ಕೆಯನ್ನು ಪ್ರತಿ ರಾತ್ರಿಯ ಕೆಲಸಕ್ಕೆ ದಯವಿಟ್ಟು ಹಾಕಬೇಡಿ. ಅದು ಎರಡೂ ಕಡೆಯ ಫೈಲುಗಳನ್ನು ಮೊದಲಿಂದ ಕೊನೆಯವರೆಗೆ ಓದಿಸುತ್ತದೆ.

ಇನ್ನೊಂದು ಮಾತು. 2008ರ 3.0 ಆವೃತ್ತಿಯಿಂದೀಚೆಗೆ ಆರ್‌ಸಿಂಕ್ ಫೈಲುಗಳ ಪೂರ್ಣ ಪಟ್ಟಿ ತಯಾರಾಗುವವರೆಗೆ ಕಾಯದೆ ಕೆಲಸ ಆರಂಭಿಸುತ್ತದೆ. ಧಾರವಾಡದಲ್ಲಿ ಇಲ್ಲದ ಫೈಲುಗಳನ್ನು ಹುಬ್ಬಳ್ಳಿಯಲ್ಲಿ ಮೊದಲೇ ಅಳಿಸುವ ‘ಡಿಲೀಟ್ ಬಿಫೋರ್’ ಆಯ್ಕೆ ಹಾಕಿದ್ದರೆ ಈ ಅನುಕೂಲ ಇಲ್ಲವಾಗುತ್ತದೆ. ಬದಲಿಗೆ ಕೊನೆಯಲ್ಲಿ ಅಳಿಸುವ ‘ಡಿಲೀಟ್ ಡಿಲೇ’ ಬಳಸಿ.

ಉತ್ತರ (ಹಾವೇರಿಯಿಂದ)

ಮೇಲಿನ ಸಲಹೆ ಸರಿಯಾಗಿದೆ. ಅದರ ಜೊತೆಗೆ, ಸ್ಕ್ಯಾನ್ ಮುಗಿದು ಇನ್ನು ಯಾರೂ ಮುಟ್ಟದ ಫೋಲ್ಡರುಗಳನ್ನು ಪ್ರತಿ ರಾತ್ರಿ ಏಕೆ ನೋಡಬೇಕು? ಅವುಗಳನ್ನು ಬೇರ್ಪಡಿಸಿ ವಾರಕ್ಕೊಮ್ಮೆ ಓಡಿಸಿ, ಕೆಲಸ ನಡೆದಿರುವ ಫೋಲ್ಡರುಗಳಿಗಷ್ಟೇ ರಾತ್ರಿಯ ಸರದಿ ಇರಲಿ. ಹಾಗೆ ಬೇರ್ಪಡಿಸಿದ ಮೇಲೆ ಮೂರ್ನಾಲ್ಕನ್ನು ಏಕಕಾಲಕ್ಕೆ ಓಡಿಸಬಹುದು. ಎಸ್‌ಎಸ್‌ಡಿ ಇದ್ದರೆ ಇದರ ಲಾಭ ಚೆನ್ನಾಗಿ ಸಿಗುತ್ತದೆ. ಒಂದೇ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದರ ಹೆಡ್ಡು ಅತ್ತಿತ್ತ ಓಡಾಡಿ ಕೆಲಸ ಇನ್ನೂ ನಿಧಾನವಾದೀತು. ಒಂದು ಎಚ್ಚರಿಕೆ: ಉಪಫೋಲ್ಡರುಗಳನ್ನು ಒಂದೊಂದಾಗಿ ಸಿಂಕ್ ಮಾಡುವಾಗ, ಧಾರವಾಡದಲ್ಲಿ ಇಡೀ ಒಂದು ಉಪಫೋಲ್ಡರನ್ನೇ ಅಳಿಸಿದರೆ ಅದು ಹುಬ್ಬಳ್ಳಿಯಲ್ಲಿ ಹಾಗೆಯೇ ಉಳಿದುಬಿಡುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮೌಂಟ್ ತೆಗೆದು ಎಸ್‌ಎಸ್‌ಎಚ್ ಮೂಲಕ ಓಡಿಸಿದೆವು. ಬೆಳಗಾಗುವ ಬಹಳ ಮೊದಲೇ ಮುಗಿಯಿತು. ಒಂದು ತೊಂದರೆ ಉಳಿದಿದೆ. ಸೂಚಿ ತಯಾರಿಸುವವರು ದೊಡ್ಡ ಫೋಲ್ಡರೊಂದರ ಹೆಸರು ಬದಲಿಸಿದರೆ ಅದರೊಳಗಿನ ಪುಟಗಳೆಲ್ಲ ಮತ್ತೆ ಹೊಸದಾಗಿ ಹೋಗುತ್ತವೆ. ಇದಕ್ಕೆ ದಾರಿಯಿದೆಯೆ?

ಉತ್ತರ (ಗದಗದಿಂದ)

ಆರ್‌ಸಿಂಕ್‌ಗೆ ಹೆಸರು ಬದಲಾದ ಫೋಲ್ಡರ್ ಹೊಸ ಫೋಲ್ಡರೇ. ಎರಡೂ ಕಡೆ ಝಡ್‌ಎಫ್‌ಎಸ್ (ಡಿಸ್ಕಿನಲ್ಲಿ ಫೈಲುಗಳನ್ನು ಇಡುವ ಒಂದು ವ್ಯವಸ್ಥೆ) ಹಾಕಲು ಸಾಧ್ಯವಿದ್ದರೆ ಸ್ನ್ಯಾಪ್‌ಶಾಟ್ (ಒಂದು ಕ್ಷಣದಲ್ಲಿ ಫೈಲುಗಳು ಇದ್ದ ಸ್ಥಿತಿಯ ದಾಖಲೆ) ಕಳಿಸುವ ಕ್ರಮಕ್ಕೆ ಬನ್ನಿ. ಅದು ಫೋಲ್ಡರುಗಳಲ್ಲಿ ಸುತ್ತುವುದೇ ಇಲ್ಲ. ಹಿಂದಿನ ಸ್ನ್ಯಾಪ್‌ಶಾಟ್‌ನಿಂದ ಈಚೆಗೆ ಬದಲಾದ ಬ್ಲಾಕುಗಳನ್ನಷ್ಟೇ (ಡಿಸ್ಕಿನ ಸಣ್ಣ ತುಂಡುಗಳನ್ನು) ಕಳಿಸುತ್ತದೆ, ಹೀಗಾಗಿ ಹೆಸರಿನ ಬದಲಾವಣೆ ಬಹಳ ಸಣ್ಣ ಹೊರೆಯಾಗುತ್ತದೆ. ಆದರೆ ಹುಬ್ಬಳ್ಳಿಯ ಪ್ರತಿಯನ್ನು ಓದಲು ಮಾತ್ರ ಬರುವಂತೆ ಇಡಿ, ಮತ್ತು ಎರಡೂ ಕಡೆ ಇರುವ ಕೊನೆಯ ಸಮಾನ ಸ್ನ್ಯಾಪ್‌ಶಾಟನ್ನು, ಜಾಗ ಸಾಲದೆಂದು ಕೂಡ, ಯಾರೂ ಅಳಿಸದಂತೆ ನೋಡಿಕೊಳ್ಳಿ. ಅಂಥದ್ದು ಒಂದೂ ಉಳಿಯದಿದ್ದರೆ 80 ಲಕ್ಷ ಫೈಲುಗಳನ್ನೂ ಮತ್ತೆ ಮೊದಲಿನಿಂದ ಕಳಿಸಬೇಕಾಗುತ್ತದೆ.