ಗಲಾಟೆ ಮುಗಿದ ಮೇಲೆ ವಾಪಸ್ ಹೋಗಬಹುದಿತ್ತಲ್ವಾ?

ಪ್ರಶ್ನೆ: ಮೇಡಂ, ನೀವು ಯುರೋಪಿನ ಚರಿತ್ರೆ ಪಾಠ ಮಾಡುವವರು, ಅದಕ್ಕೇ ಕೇಳುತ್ತಿದ್ದೇನೆ. 1391ರಲ್ಲಿ ಸ್ಪೇನಿನ ಯೆಹೂದಿಗಳಿಗೆ ‘ಕ್ರೈಸ್ತರಾಗಿ, ಇಲ್ಲಾಂದ್ರೆ ಸಾಯಿರಿ’ ಎಂದರಂತೆ. ಜೀವ ಉಳಿಸಿಕೊಳ್ಳಲು ಒಪ್ಪಿದವರು ಆಮೇಲೆ ಸುಮ್ನೆ ತಮ್ಮ ಧರ್ಮಕ್ಕೆ ಮರಳಬಹುದಿತ್ತಲ್ವಾ?

ಉತ್ತರ: ಕಾನೂನು ಬಿಡುತ್ತಿರಲಿಲ್ಲ ಸರ್. 633ರಲ್ಲೇ ಸ್ಪೇನಿನ ಟೊಲೆಡೊದಲ್ಲಿ ಸೇರಿದ ಬಿಷಪ್‌ಗಳು ಎರಡು ಮಾತು ಹೇಳಿದ್ದರು: ಯಾರಿಗೂ ಬಲವಂತ ಮಾಡಬಾರದು, ಆದರೆ ದೀಕ್ಷಾಸ್ನಾನ (ಕ್ರೈಸ್ತರಾಗುವ ಶಾಸ್ತ್ರ) ಆಗಿಹೋದವರು ಕ್ರೈಸ್ತರಾಗಿಯೇ ಇರಬೇಕು. 1201ರಲ್ಲಿ ಪೋಪ್ ಮೂರನೇ ಇನ್ನೊಸೆಂಟ್ ಇದನ್ನು ಇನ್ನೂ ಬಿಗಿ ಮಾಡಿದರು. ಹೆದರಿ ಒಪ್ಪಿದ್ದೂ ಒಪ್ಪಿಗೆಯೇ. ಕೊನೆವರೆಗೂ ‘ಬೇಡ, ಬೇಡ’ ಎಂದವರದ್ದು ಮಾತ್ರ ನಿಜವಾದ ಬಲವಂತ. ಕತ್ತಿ ಎದುರು ಹಾಗೆ ಹೇಳಿದವರು ಬದುಕಿ ಉಳಿಯಬೇಕಲ್ಲ!

ಮರಳಿದವರೂ ಇದ್ದಾರೆ. 1096ರಲ್ಲಿ ಜೆರುಸಲೇಮ್ ಗೆಲ್ಲುವ ಧರ್ಮಯುದ್ಧಕ್ಕೆ, ಅಂದರೆ ಕ್ರುಸೇಡ್‌ಗೆ ಹೊರಟ ಗುಂಪುಗಳು ರೈನ್ ನದಿ ದಂಡೆಯ ವರ್ಮ್ಸ್, ಮೈನ್ಸ್ ಊರುಗಳಲ್ಲಿ ಯೆಹೂದಿಗಳನ್ನು ಕೊಂದವು, ಕೆಲವರಿಗೆ ಬಲವಂತದ ದೀಕ್ಷೆ ಕೊಡಿಸಿದವು. ಮರುವರ್ಷ ಚಕ್ರವರ್ತಿ ನಾಲ್ಕನೇ ಹೆನ್ರಿ ಅವರನ್ನು ಮರಳಲು ಬಿಟ್ಟ. ಅವನೇ ಕೂರಿಸಿದ್ದ ಪೋಪ್ ಕೂಡ ಇದಕ್ಕೆ ತಕರಾರು ತೆಗೆದ.

1391ರಲ್ಲಿ ಅಂಥ ಗಟ್ಟಿ ರಾಜನೂ ಇರಲಿಲ್ಲ. ಸೆವಿಲ್ಲೆಯಲ್ಲಿ ಫೆರಾಂಡ್ ಮಾರ್ಟಿನೆಸ್ ಎಂಬ ಪಾದ್ರಿ ವರ್ಷಗಟ್ಟಲೆ ಜನರನ್ನು ಎತ್ತಿಕಟ್ಟುತ್ತಿದ್ದ. ಅವನನ್ನು ಗದರುತ್ತಿದ್ದ ರಾಜ, ಆರ್ಚ್‌ಬಿಷಪ್ ಇಬ್ಬರೂ 1390ರಲ್ಲಿ ತೀರಿಕೊಂಡರು. ಪಟ್ಟಕ್ಕೆ ಬಂದವನು 11 ವರ್ಷದ ಹುಡುಗ. ಜೂನ್‌ನಲ್ಲಿ ಶುರುವಾದ ಕೊಲೆ, ಲೂಟಿ ಆಗಸ್ಟ್ ಹೊತ್ತಿಗೆ ಬಾರ್ಸಿಲೋನಾ ಮುಟ್ಟಿತ್ತು.

ಪ್ರಶ್ನೆ: ಅಂದರೆ ಮುಂದೆ ಬಂದ ಚರ್ಚಿನ ವಿಚಾರಣಾ ನ್ಯಾಯಾಲಯ, ಆ ಇನ್‌ಕ್ವಿಸಿಷನ್ ಯೆಹೂದಿಗಳನ್ನು ಹಿಡಿಯಲು ಅಲ್ವಾ?

ಉತ್ತರ: ಇಲ್ಲೇ ಜಾಸ್ತಿ ಜನ ಎಡವುವುದು. ಯೆಹೂದಿಗಳಾಗಿಯೇ ಉಳಿದವರ ಮೇಲೆ ಅದಕ್ಕೆ ಸಾಮಾನ್ಯವಾಗಿ ಅಧಿಕಾರವಿರಲಿಲ್ಲ. ಹಿಡಿದದ್ದು ದೀಕ್ಷೆ ಆದವರನ್ನು, ಅವರ ಮಕ್ಕಳು ಮೊಮ್ಮಕ್ಕಳನ್ನು. ಗುಟ್ಟಾಗಿ ಯೆಹೂದಿ ಆಚಾರ ಪಾಲಿಸುತ್ತಾರೆ ಎಂಬುದಕ್ಕೆ ಸಾಕ್ಷಿ ಏನು ಗೊತ್ತಾ? ಶುಕ್ರವಾರ ಸಂಜೆ ದೀಪ ಹಚ್ಚಿದ್ದು, ಶನಿವಾರ ಒಗೆದ ಬಟ್ಟೆ ಉಟ್ಟದ್ದು, ಹಂದಿ ಮಾಂಸ ಬೇಡ ಎಂದದ್ದು. ದೂರು ಕೊಡುತ್ತಿದ್ದವರಲ್ಲಿ ಮನೆಗೆಲಸದವರೂ ಇದ್ದರು.

ಇನ್ನೊಬ್ಬರ ಪ್ರಶ್ನೆ: ನಮ್ಮ ಪಕ್ಕದ ಗೋವಾಕ್ಕೂ ಅದು ಬಂದಿತ್ತಲ್ವಾ?

ಉತ್ತರ: ಹೌದು, 1560ರಲ್ಲಿ. ನಮ್ಮ ಗಿಡಮೂಲಿಕೆಗಳ ಬಗ್ಗೆ ಗೋವಾದಲ್ಲೇ ಪುಸ್ತಕ ಅಚ್ಚು ಹಾಕಿಸಿದ ವೈದ್ಯ ಗಾರ್ಸಿಯಾ ಡ ಒರ್ಟಾ ಹೀಗೆ ದೀಕ್ಷೆ ಆದ ಯೆಹೂದಿ ಮನೆತನದವನು. ಅವನು 1568ರಲ್ಲಿ ತೀರಿಕೊಂಡ. ಮರುವರ್ಷ ಅವನ ತಂಗಿಯನ್ನು ಸುಟ್ಟರು. 1580ರಲ್ಲಿ ಅವನ ಗೋರಿ ಅಗೆದು ಮೂಳೆಗಳನ್ನೂ ಸುಟ್ಟರು.