ಚೌಕ ಹಸುವಿಗೆ ಹಸಿವೇ ಇಲ್ಲ: ಮೈನ್‌ಕ್ರಾಫ್ಟ್ ಕೊಟ್ಟಿಗೆಯ ಪ್ರಶ್ನೋತ್ತರ

ಪಶುವೈದ್ಯ: ಹಗಲು ನಿಜವಾದ ದನಗಳ ಹೊಟ್ಟೆ ತಟ್ಟಿ ನೋಡುವುದು ನನ್ನ ಕೆಲಸ. ರಾತ್ರಿ ಮೈನ್‌ಕ್ರಾಫ್ಟ್ ಅನ್ನುವ ವಿಡಿಯೋ ಆಟದಲ್ಲಿ ಚೌಕ ದನ ಸಾಕುತ್ತೇನೆ, ಅಲ್ಲಿ ಎಲ್ಲವೂ ಚೌಕವೇ. ಎರಡರ ಬಗ್ಗೆಯೂ ಕೇಳಿ. ನಾನು ಹೇಳುವ ಆಟದ ಲೆಕ್ಕವೆಲ್ಲ ಕಂಪ್ಯೂಟರ್‌ನಲ್ಲಿ ಆಡುವ ಜಾವಾ ಆವೃತ್ತಿಯದು.

ಪ್ರಶ್ನೆ: ನನ್ನ ಹತ್ತಿರ 12 ಹಸುಗಳಿವೆ. ಎಷ್ಟೋ ದಿನ ಮೇವು ಹಾಕಿರಲಿಲ್ಲ. ಪಾಪ ಅನಿಸಿ ಇವತ್ತು ಎಲ್ಲಕ್ಕೂ ಗೋಧಿ ತಿನ್ನಿಸಿದೆ. ಒಂದೆರಡು ನಿಮಿಷ ಬಿಟ್ಟು ಮತ್ತೆ ಕೊಟ್ಟರೆ ಮುಟ್ಟುತ್ತಲೇ ಇಲ್ಲ. ಕಾಯಿಲೆ ಬಿದ್ದಿವೆಯಾ?

ಪಶುವೈದ್ಯ: ಏನೂ ಆಗಿಲ್ಲ, ಆರಾಮಾಗಿರಿ. ಈ ಆಟದ ಹಸುವಿಗೆ ಹಸಿವು ಅನ್ನುವುದೇ ಇಲ್ಲ. ಹಸಿವು ಎಷ್ಟಿದೆ ಅಂತ ತೆರೆಯ ಮೇಲೆ ತೋರಿಸುವ ಪಟ್ಟಿ ಇರುವುದು ಆಡುವ ನಿಮಗೆ ಮಾತ್ರ. ವರ್ಷಗಟ್ಟಲೆ ಏನೂ ಹಾಕದಿದ್ದರೂ ಹಸು ಹಾಗೇ ನಿಂತಿರುತ್ತದೆ. ಬಕೆಟ್ ಹಿಡಿದು ಹೋದರೆ ಹಾಲೂ ಕೊಡುತ್ತದೆ, ಅದೂ ಕರು ಹಾಕದೆಯೇ! ನನ್ನ ಕಸುಬಿನವರಿಗೆ ಇದನ್ನು ನೋಡಿ ನಗು ತಡೆಯುವುದಿಲ್ಲ.

ಇಲ್ಲಿ ಗೋಧಿ ಮೇವಲ್ಲ, ಮದುವೆ ಊಟ ಅಂದುಕೊಳ್ಳಿ. ದೊಡ್ಡ ಹಸುವಿಗೆ ಒಂದು ಗೋಧಿ ಕೊಟ್ಟರೆ ತಲೆ ಮೇಲೆ ಹೃದಯ ಹಾರುತ್ತದೆ. 30 ಸೆಕೆಂಡ್ ಒಳಗೆ ಪಕ್ಕದಲ್ಲಿ ಇನ್ನೊಂದು ಅಂಥದ್ದೇ ಹಸು ಸಿಕ್ಕಿದರೆ ಅಲ್ಲೇ ಕರು ಹುಟ್ಟುತ್ತದೆ. ಗಂಡು, ಹೆಣ್ಣು ಅನ್ನುವ ಭೇದವೂ ಇಲ್ಲ. ನಿಜವಾದ ಹಸು ಗಬ್ಬವಾಗಿ ಕರು ಹಾಕಲು ಸುಮಾರು 280 ದಿನ ಬೇಕು. ಇಲ್ಲಿ ಕರು ಹಾಕಿದ ಜೋಡಿ 5 ನಿಮಿಷ ಸುಮ್ನೆ ಇರುತ್ತದೆ, ಆಮೇಲೆ ಮತ್ತೆ ತಯಾರು. ನಿಮ್ಮ ಹಸುಗಳು ಗೋಧಿ ಮುಟ್ಟದಿರುವುದು ಆ 5 ನಿಮಿಷದಲ್ಲಿ. ಒಮ್ಮೆ ಎಣಿಸಿ ನೋಡಿ, 12 ಈಗ 18 ಆಗಿರಬೇಕು.

ಒಂದು ಮಾತು. ನಿಜವಾದ ಹಸುವಿಗೆ ಪಾಪ ಅಂತ ಒಮ್ಮೆಲೇ ಬುಟ್ಟಿಗಟ್ಟಲೆ ಗೋಧಿ ಕಾಳು ಸುರಿಯಬೇಡಿ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಕಾಳು ಬೇಗ ಹುಳಿಯಾಗುತ್ತದೆ. ಹಸು ಮೇವು ಬಿಟ್ಟು ಮಲಗುತ್ತದೆ, ಸತ್ತೂ ಹೋಗಬಹುದು. ಅದಕ್ಕೆ ಮುಖ್ಯ ಆಹಾರ ಹುಲ್ಲೇ.

ಅದೇ ಸದಸ್ಯರು: ಅಯ್ಯೋ, ಹೌದು! 6 ಕರು ಓಡಾಡುತ್ತಿವೆ. ಇವಕ್ಕೆ ಗೋಧಿ ಕೊಟ್ಟರೆ ಬೇಗ ಬೆಳೆಯುತ್ತವಂತೆ, ನಿಜವಾ?

ಪಶುವೈದ್ಯ: ನಿಜ, ಆದರೆ ನಾನು ಕೊಡುವುದಿಲ್ಲ. ಕರು ದೊಡ್ಡದಾಗಲು 20 ನಿಮಿಷ. ಪ್ರತಿ ಗೋಧಿಗೂ ಉಳಿದ ಸಮಯದಲ್ಲಿ 10% ಕಡಿಮೆಯಾಗುತ್ತದೆ. ಗಮನಿಸಿ, ಒಟ್ಟು ಸಮಯದಲ್ಲಲ್ಲ, ಉಳಿದ ಸಮಯದಲ್ಲಿ. ಮೊದಲ ಗೋಧಿ 2 ನಿಮಿಷ ಉಳಿಸುತ್ತದೆ, ಎರಡನೆಯದು ಅದಕ್ಕಿಂತ ಕಡಿಮೆ, ಹೀಗೇ ಸವೆಯುತ್ತಾ ಹೋಗುತ್ತದೆ. 10 ಗೋಧಿ ತಿನ್ನಿಸಿದರೂ ಸುಮಾರು 7 ನಿಮಿಷ ಕಾಯಲೇಬೇಕು. ಅದೇ 10 ಗೋಧಿಯಲ್ಲಿ 5 ಹೊಸ ಕರು ಹುಟ್ಟಿಸಬಹುದು, ಅಲ್ವಾ?

ಪ್ರಶ್ನೆ: ನನ್ನದು ನಿಜವಾಗಲೂ ರೋಗವೇ ಇರಬೇಕು. ಬೇಲಿ ಗಟ್ಟಿಯಾಗಿದೆ, ಸುತ್ತ ದೀಪ ಇದೆ, ತೋಳ ಒಳಗೆ ಬರುವ ಹಾಗೇ ಇಲ್ಲ. ಆದರೂ ಹಸುಗಳು ತಾವಾಗಿಯೇ ಸಾಯುತ್ತಿವೆ.

ಪಶುವೈದ್ಯ: ಕೊಟ್ಟಿಗೆ ಎಷ್ಟು ದೊಡ್ಡದು? ಹಸು ಎಷ್ಟಿವೆ?

ಅದೇ ಸದಸ್ಯರು: 2 ಅಡ್ಡ 2 ಉದ್ದದ ಗುಂಡಿ. ಹಸು ಎಣಿಸಿಲ್ಲ. ನೂರು ದಾಟಿರಬಹುದು.

ಪಶುವೈದ್ಯ: ಕೊಟ್ಟಿಗೆಯಲ್ಲ ಅದು, ಉಪ್ಪಿನಕಾಯಿ ಜಾಡಿ! ರೋಗ ಅಲ್ಲ, ನೂಕುನುಗ್ಗಲು. ಒಂದೇ ಜಾಗದಲ್ಲಿ 24ಕ್ಕಿಂತ ಜಾಸ್ತಿ ಪ್ರಾಣಿಗಳು ಒತ್ತಿಕೊಂಡರೆ ಉಸಿರುಗಟ್ಟಿ ಸಾಯುವ ಹಾಗೆ ಆಟದಲ್ಲೇ ನಿಯಮವಿದೆ. ಕೆಲವರು ಮಾಂಸಕ್ಕಾಗಿ ಬೇಕೆಂದೇ ಹೀಗೆ ಕಟ್ಟುತ್ತಾರೆ. ನಿಮಗೆ ಅದು ಬೇಡವಾದರೆ ಅರ್ಧದಷ್ಟನ್ನು ಬೇರೆ ಕಡೆ ಸಾಗಿಸಿ. ಕೈಯಲ್ಲಿ ಗೋಧಿ ಹಿಡಿದರೆ ಸಾಕು, ಹಿಂದೆಯೇ ಬರುತ್ತವೆ. ಬೇಲಿಯ ಒಂದು ಕಂಬದ ಮೇಲೆ ಕಾರ್ಪೆಟ್ ಹಾಸಿಡಿ. ನೀವು ಹಾರಿ ಒಳಗೆ ಹೋಗಬಹುದು, ಹಸು ಹಾರಿ ಬರುವುದಿಲ್ಲ. ಗೇಟ್ ತೆಗೆಯುವಷ್ಟರಲ್ಲಿ ನಾಲ್ಕು ಓಡಿಹೋದವು ಅನ್ನುವ ಗೋಳು ತಪ್ಪುತ್ತದೆ.

ಪ್ರಶ್ನೆ: ಕುರಿಯ ಉಣ್ಣೆ ಕತ್ತರಿಸಿ ಎಷ್ಟೋ ಹೊತ್ತಾಯಿತು, ಮತ್ತೆ ಬರುತ್ತಲೇ ಇಲ್ಲ. ಗೋಧಿಯೂ ಕೊಟ್ಟೆ. ಸುಂದರವಾದ ಕಲ್ಲಿನ ನೆಲ ಹಾಕಿಸಿದ್ದೇನೆ.

ಪಶುವೈದ್ಯ: ಆ ಕಲ್ಲಿನ ನೆಲವೇ ಕಾರಣ. ಆಟದಲ್ಲಿ ನಿಜಕ್ಕೂ ಮೇಯುವ ಪ್ರಾಣಿ ಕುರಿ. ಕಾಲ ಕೆಳಗಿನ ಹುಲ್ಲು ತಿಂದರೆ ಮಾತ್ರ ಉಣ್ಣೆ ಬರುತ್ತದೆ. ಗೋಧಿ ತಿಂದರೆ ಮರಿ ಬರುತ್ತದೆಯೇ ಹೊರತು ಉಣ್ಣೆಯಲ್ಲ. ತಿಂದ ಜಾಗ ಬರೀ ಮಣ್ಣಾಗುತ್ತದೆ, ಪಕ್ಕದ ಹುಲ್ಲು ನಿಧಾನವಾಗಿ ಹಬ್ಬಿ ಅದನ್ನು ಮುಚ್ಚಬೇಕು. ಕಲ್ಲು ಕಿತ್ತು ಹಾಕಿ, ಒಳಗಿನ ಹುಲ್ಲು ಬೇಲಿಯ ಅಡಿಯಿಂದ ಹೊರಗಿನ ಹುಲ್ಲಿಗೆ ಸೇರಿಕೊಂಡಿರಲಿ. ಬೆಳಕೂ ಇರಲಿ. ಚಿಕ್ಕ ಜಾಗಕ್ಕೆ ಜಾಸ್ತಿ ಕುರಿ ಬಿಟ್ಟರೆ ಎಲ್ಲ ಮಣ್ಣಾಗಿ ಕೂರುತ್ತದೆ. ನಿಜವಾದ ಹುಲ್ಲುಗಾವಲಿನ ಪಾಡೂ ಅದೇ.

ಪ್ರಶ್ನೆ: ಕೋಳಿ ಬೇಗ ಹೆಚ್ಚಿಸಲು ಮೊಟ್ಟೆ ಎಸೆಯಲಾ, ಬೀಜ ಹಾಕಲಾ?

ಪಶುವೈದ್ಯ: ಬೀಜ. ಎಸೆದ 8 ಮೊಟ್ಟೆಯಲ್ಲಿ ಸರಾಸರಿ ಒಂದರಲ್ಲೇ ಮರಿ. ಮೊಟ್ಟೆ ಹೇಗೂ 5ರಿಂದ 10 ನಿಮಿಷಕ್ಕೊಂದು ಬೀಳುತ್ತಿರುತ್ತದೆ. ಹೆಚ್ಚಾದವನ್ನು ಎಸೆಯಿರಿ, ಅದನ್ನೇ ನೆಚ್ಚಬೇಡಿ.

ಪ್ರಶ್ನೆ: ಹಂದಿಗೆ ಗೋಧಿ ತೋರಿಸಿದರೆ ತಿರುಗಿಯೂ ನೋಡುವುದಿಲ್ಲ. ವಿಡಿಯೋದಲ್ಲಿ ಬಂದಿತ್ತು.

ಪಶುವೈದ್ಯ: ತುಂಬಾ ಹಳೆಯ ವಿಡಿಯೋ ನೋಡಿದ್ದೀರಿ. ಈಗ ಕ್ಯಾರೆಟ್, ಆಲೂಗಡ್ಡೆ, ಬೀಟ್‌ರೂಟ್ ಮಾತ್ರ. ನಿಜವಾದ ಹಂದಿಗೆ ಹಸಿರು ತಿರುಗಿದ, ಮೊಳಕೆ ಬಂದ ಆಲೂಗಡ್ಡೆ ಹಾಕಬಾರದು, ವಿಷ.

ಪ್ರಶ್ನೆ: ಸಾಕುಪ್ರಾಣಿ ಬಗ್ಗೆ ಕೇಳಬಹುದಾ? ನನ್ನ ಮಗಳು ಪ್ರೀತಿಯಿಂದ ಗಿಳಿಗೆ ಕುಕೀ ಕೊಟ್ಟಳು, ತಕ್ಷಣ ಸತ್ತುಹೋಯಿತು. ಅತ್ತು ಕರೆದು ರಂಪ. ಇದು ಆಟದ ದೋಷವಾ?

ಪಶುವೈದ್ಯ: ದೋಷ ಅಲ್ಲ, ಬೇಕೆಂದೇ ಇಟ್ಟದ್ದು. 2017ರಲ್ಲಿ ಗಿಳಿಗಳನ್ನು ತರುವಾಗ, ಪರೀಕ್ಷೆಯ ಹಂತದಲ್ಲಿ ಕುಕೀ ಕೊಟ್ಟೇ ಪಳಗಿಸಬೇಕಿತ್ತು. ಕುಕೀಯಲ್ಲಿರುವ ಚಾಕೊಲೇಟ್ ನಿಜವಾದ ಗಿಳಿಗೆ ವಿಷ, ಮಕ್ಕಳು ಮನೆಯ ಗಿಳಿಗೂ ಕೊಟ್ಟುಬಿಡುತ್ತಾರೆ ಅಂತ ಜನ ಗಲಾಟೆ ಮಾಡಿದರು. ಆಮೇಲೆ ಪಳಗಿಸಲು ಬೀಜ ಬಂತು, ಕುಕೀ ಕೊಟ್ಟರೆ ಸಾವು. ಆಗ ಆ ಸುದ್ದಿ ಓದಿ ನಾನು ಕುರ್ಚಿಯಲ್ಲೇ ಚಪ್ಪಾಳೆ ತಟ್ಟಿದ್ದೆ. ಮಗಳಿಗೆ ಇನ್ನೊಂದು ಗಿಳಿ ಹುಡುಕಿಕೊಡಿ, ಆಟದ ‘ಜಂಗಲ್’ ಕಾಡಿನಲ್ಲಿ ಸಿಗುತ್ತವೆ. ಗೋಧಿ ಬೀಜ ಜೇಬಿನಲ್ಲಿರಲಿ. ಒಂದೆರಡಕ್ಕೇ ಪಳಗದಿದ್ದರೆ ಕೊಡುತ್ತಾ ಇರಿ.

ಅದೇ ಸದಸ್ಯರು: ಸಿಕ್ಕಿತು! ನೀಲಿ ಬಣ್ಣದ್ದು. ಕುಕೀ ಎಲ್ಲ ಅವಳೇ ತಿಂದಳು.