ಚಕ್ಕುಲಿ ಎಷ್ಟು ಮಾಡಬೇಕು ಅಂತ ಮೊದಲೇ ತಿಳಿಯುವುದು ಹೇಗೆ?

ಪ್ರಶ್ನೆ (ದಾವಣಗೆರೆಯ ಸದಸ್ಯೆ): ನಮಸ್ಕಾರ ಸರ್. ಮನೆಯಲ್ಲೇ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ 12 ಕಿರಾಣಿ ಅಂಗಡಿಗಳಿಗೆ ಕೊಡುತ್ತೇವೆ. ನಾನು, ನಮ್ಮ ಅತ್ತೆ, ಜೊತೆಗೆ ಕೆಲಸಕ್ಕೆ ಮೂವರು. ಒಂದು ವಾರ ಅಂಗಡಿಯವರು ಫೋನ್ ಮೇಲೆ ಫೋನ್ ಮಾಡಿ 100 ಪ್ಯಾಕೆಟ್ ಜಾಸ್ತಿ ಕೇಳುತ್ತಾರೆ. ರಾತ್ರಿ ಹನ್ನೊಂದಾದರೂ ಒಲೆ ಆರಿಸುವಂತಿಲ್ಲ. ಮುಂದಿನ ವಾರ ಯಾರೂ ಕೇಳುವುದೇ ಇಲ್ಲ. ಹೋದ ತಿಂಗಳು 60 ಪ್ಯಾಕೆಟ್ ಎಣ್ಣೆ ಕಮಟಾಗಿ ವಾಪಸ್ ಬಂತು. ಪರಿಚಯದವರೊಬ್ಬರು 40 ಸಾವಿರದ ಸಾಫ್ಟ್‌ವೇರ್ ತಗೊಳ್ಳಿ ಅಂತಿದ್ದಾರೆ. ತಗೊಳ್ಳಲಾ?

ಉತ್ತರ (ಪ್ರೊಡಕ್ಷನ್ ಪ್ಲಾನಿಂಗ್‌ನಲ್ಲಿ 22 ವರ್ಷ, ಪೀಣ್ಯ): ಈಗಲೇ ಬೇಡ ಮೇಡಂ.

ಚಕ್ಕುಲಿ ತಿನ್ನುವವರು ವಾರಕ್ಕೊಂದು ಥರ ತಿನ್ನುವುದಿಲ್ಲ ಅಲ್ವಾ? ಏರಿಳಿತ ಇರುವುದು ಅಂಗಡಿಯವರ ಆರ್ಡರ್‌ನಲ್ಲಿ. ಡಬ್ಬ ಖಾಲಿಯಾದರೆ ಗಾಬರಿಯಾಗಿ ಎರಡರಷ್ಟು ಕೇಳುತ್ತಾರೆ. ಅದು ಕರಗುವ ತನಕ ಸುಮ್ನಿರುತ್ತಾರೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಡೈಪರ್ ವ್ಯಾಪಾರದಲ್ಲಿ ಕಂಡದ್ದೂ ಇದನ್ನೇ. ಕೂಸುಗಳಿಗೆ ಡೈಪರ್ ಬೇಕಾಗುವುದು ದಿನಾ ಹೆಚ್ಚುಕಡಿಮೆ ಅಷ್ಟೇ. ಆದರೆ ವಿತರಕರ ಆರ್ಡರ್ ಏರಿ ಇಳಿಯುತ್ತಿತ್ತು. ಕಂಪನಿ ತನ್ನ ಕಚ್ಚಾ ಮಾಲಿಗೆ ಕೊಡುವ ಆರ್ಡರ್ ಅದಕ್ಕಿಂತ ಜಾಸ್ತಿ ಕುಣಿಯುತ್ತಿತ್ತು. ಚಾಟಿಯ ಹಿಡಿ ಸ್ವಲ್ಪ ಅಲ್ಲಾಡಿದರೂ ತುದಿ ಜೋರಾಗಿ ಬೀಸುತ್ತದಲ್ಲ, ಹಾಗೆ. ಅದಕ್ಕೇ ಇದನ್ನು ಬುಲ್‌ವಿಪ್ ಅಂತಾರೆ. ನೀವು ಈಗ ಆ ಚಾಟಿಯ ತುದಿಯಲ್ಲಿದ್ದೀರಿ.

ಹಾಗಾಗಿ ಮಾಲು ಕೊಡಲು ಹೋಗುವವರ ಕೈಗೆ ಒಂದು ನೋಟ್‌ಬುಕ್ ಕೊಡಿ. ಪ್ರತಿ ಅಂಗಡಿಯಲ್ಲಿ ಉಳಿದದ್ದನ್ನು ವಾರಕ್ಕೆ ಎರಡು ಸಲ ಎಣಿಸಲಿ. 20 ಇಟ್ಟು ಬಂದಿದ್ದಿರಿ, 6 ಉಳಿದಿದೆ ಅಂದರೆ 14 ಮಾರಿದೆ. ಒಂದೂ ಉಳಿದಿಲ್ಲದಿದ್ದರೆ ಆ ಸಾಲಿಗೆ ಚುಕ್ಕಿ ಇಡಿ. ಅಲ್ಲಿ ಇನ್ನೂ ಎಷ್ಟು ಹೋಗುತ್ತಿತ್ತೋ ಯಾರಿಗೂ ಗೊತ್ತಾಗುವುದಿಲ್ಲ. ಆ ಚುಕ್ಕಿಗಳು ಬಹಳ ಮುಖ್ಯ, ಮರೆಯಬೇಡಿ.

ಆಮೇಲೆ ಲೆಕ್ಕ ಸುಲಭ. ಒಟ್ಟು ದಿನಕ್ಕೆ 50 ಪ್ಯಾಕೆಟ್ ಚಕ್ಕುಲಿ ಮಾರುತ್ತದೆ ಅಂದುಕೊಳ್ಳಿ. ಹಿಟ್ಟು ಬೀಸಿಸಿ, ಕರಿದು, ಪ್ಯಾಕ್ ಮಾಡಿ ಅಂಗಡಿಗೆ ಮುಟ್ಟಿಸಲು 2 ದಿನ. ಅಲ್ಲಿಗೆ 100. ಕೆಲಸದವರ ರಜೆ, ಗ್ಯಾಸ್ ಮುಗಿಯುವುದು, ಇಂಥದ್ದಕ್ಕೆ ಇನ್ನೊಂದು 40 ಇರಲಿ. ಮನೆಯಲ್ಲೂ ಅಂಗಡಿಗಳಲ್ಲೂ ಸೇರಿ 140ಕ್ಕೆ ಇಳಿದ ದಿನ ಹೊಸದಾಗಿ ಕರಿಯಲು ಶುರು ಮಾಡಿ.

ಸದಸ್ಯ (ಹುಬ್ಬಳ್ಳಿ): ಸರ್, ಟೊಯೋಟಾದಲ್ಲಿ ಸ್ಟಾಕೇ ಇಡುವುದಿಲ್ಲ ಅಂತಾರಲ್ಲ. ನೀವು 40 ಇಟ್ಟುಕೊಳ್ಳಿ ಅಂತಿದ್ದೀರಿ?

ಉತ್ತರ: ಒಳ್ಳೆಯ ಪ್ರಶ್ನೆ. ಟೊಯೋಟಾದ ತೈಚಿ ಓನೋ ಈ ಯೋಚನೆ ತೆಗೆದುಕೊಂಡದ್ದು ಅಮೆರಿಕದ ಸೂಪರ್‌ಮಾರ್ಕೆಟ್‌ನಿಂದ. ಗಿರಾಕಿ ಎತ್ತಿಕೊಂಡ ಜಾಗ ಖಾಲಿಯಾದರೆ ಅಷ್ಟನ್ನೇ ತುಂಬುತ್ತಾರಲ್ಲ, ಅದೇ ಕ್ರಮ. ಖಾಲಿ ಬುಟ್ಟಿಯ ಜೊತೆ ಒಂದು ಕಾರ್ಡ್ ಹಿಂದಕ್ಕೆ ಹೋಗುತ್ತದೆ. ಅದೇ ಕಾನ್‌ಬಾನ್. ಕಾರ್ಡ್ ಬಾರದೆ ಹೊಸದು ಮಾಡುವಂತಿಲ್ಲ. ಅಲ್ಲೂ ಸ್ಟಾಕ್ ಇರುತ್ತದೆ, ಆದರೆ ಅಳತೆ ಮಾಡಿ ಇಟ್ಟದ್ದು. 2011ರ ಜಪಾನ್ ಭೂಕಂಪ ಆದ ಮೇಲೆ ಅವರೇ ಕಾರಿನ ಎಲೆಕ್ಟ್ರಾನಿಕ್ ಚಿಪ್ ಪೂರೈಸುವವರಿಗೆ 2ರಿಂದ 6 ತಿಂಗಳ ಮಾಲು ಇಟ್ಟುಕೊಳ್ಳಿ ಎಂದರು. ಬೇಗ ಸಿಗದ ವಸ್ತುವಿಗೆ ಆಸರೆ ಬೇಕೇ ಬೇಕು.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ ಸರ್. ಗಣೇಶ ಹಬ್ಬಕ್ಕೆ ಏನು ಮಾಡಲಿ? ಆಗ ಈ 50ರ ಲೆಕ್ಕ ಸಾಲುವುದಿಲ್ಲ. ಮತ್ತೆ ಸಾಫ್ಟ್‌ವೇರ್ ಯಾವತ್ತಾದರೂ ಬೇಕಾ?

ಉತ್ತರ: ಹಬ್ಬಕ್ಕೆ ಹೋದ ವರ್ಷದ ಲೆಕ್ಕ ತೆಗೆಯಿರಿ, ಆದರೆ ತಾರೀಖು ನೋಡಬೇಡಿ. 2024ರಲ್ಲಿ ಚೌತಿ ಬಂದದ್ದು ಸೆಪ್ಟೆಂಬರ್ 7ಕ್ಕೆ, 2025ರಲ್ಲಿ ಆಗಸ್ಟ್ 27ಕ್ಕೆ. ಆಗಸ್ಟನ್ನು ಆಗಸ್ಟ್‌ಗೆ ಹೋಲಿಸಿದರೆ ದಾರಿ ತಪ್ಪುತ್ತೀರಿ. ಚೌತಿಗೆ ಹತ್ತು ದಿನ ಮುಂಚೆ ಎಷ್ಟು ಹೋಯಿತು, ಐದು ದಿನ ಮುಂಚೆ ಎಷ್ಟು ಅಂತ ಬರೆದಿಡಿ.

ಇನ್ನೊಂದು, ನಿಮ್ಮಲ್ಲಿ ಯಾವ ಕೆಲಸ ನಿಧಾನ ಅಂತ ನೋಡಿ. ಗಂಟೆಗೆ ಬಾಣಲೆಯಲ್ಲಿ 25 ಪ್ಯಾಕೆಟ್ ಆಗುವಷ್ಟೇ ಬೆಂದು, ಸೀಲಿಂಗ್ ಮಷಿನ್ 100 ಮಾಡುವಂತಿದ್ದರೆ, ಇನ್ನೊಂದು ಒಲೆಗೆ ಹಾಕಿದ ದುಡ್ಡು ಮೊದಲು ಕೈಗೆ ಬರುತ್ತದೆ.

ಸಾಫ್ಟ್‌ವೇರ್ ವಿಷಯ. 12 ಅಂಗಡಿ, ಮೂರು ತಿಂಡಿ, ಒಟ್ಟು 36 ಸಾಲು. ನೋಟ್‌ಬುಕ್ ಸಾಕು, ಬೇಕಿದ್ದರೆ ಫೋನಿನಲ್ಲೇ ಒಂದು ಎಕ್ಸೆಲ್ ಶೀಟ್. ನಾನು ಮೊದಲು ಕೆಲಸ ಮಾಡಿದ ಕಾರ್ಖಾನೆಯಲ್ಲಿ ಒಂದು ದಿನ ಕಂಪ್ಯೂಟರ್ 800 ಬೋಲ್ಟ್ ಇದೆ ಅಂತ ತೋರಿಸಿತು. ರ್ಯಾಕ್‌ನಲ್ಲಿ ಒಂದೂ ಇರಲಿಲ್ಲ. ರಿಜೆಕ್ಟ್ ಆದದ್ದನ್ನು ಯಾರೂ ಎಂಟ್ರಿ ಮಾಡಿರಲಿಲ್ಲ. ಅರ್ಧ ದಿನ ಲೈನ್ ನಿಂತಿತು. ಎಣಿಸಿ ಬರೆಯುವ ಅಭ್ಯಾಸ ಮೂರು ತಿಂಗಳು ತಪ್ಪದೆ ನಡೆದು, ಅಂಗಡಿಗಳು ನೂರರ ಹತ್ತಿರ ಬಂದಾಗ ಕೇಳಿ. ಯಾವುದು ತಗೊಳ್ಳಬೇಕು ಅಂತ ಕೂತು ನೋಡೋಣ.

ಪ್ರಶ್ನೆ ಕೇಳಿದವರು: ಆಯ್ತು ಸರ್. ಸೋಮವಾರದಿಂದಲೇ ಎಣಿಸಲು ಶುರು ಮಾಡುತ್ತೇವೆ. ಮೊದಲ ವಾರದ ಲೆಕ್ಕ ಇಲ್ಲೇ ಹಾಕುತ್ತೇನೆ, ಒಮ್ಮೆ ನೋಡಿ ಹೇಳಿ.